ಎತ್ತಿದರೆ ಏಳುವ ಕೈ

ಬಿಂದಿಗೆ ಉಳಿಯಿತು. ಜರಗನಹಳ್ಳಿಯ ಚಿಕ್ಕಬೈರಪ್ಪನ ಮನೆಯಲ್ಲಿ ಆ ದಿನ ಎಲ್ಲರೂ ಆಡಿದ ಮಾತು ಇದೊಂದೇ.

ಸೊಸೆ ಮಂಗಮ್ಮ ಹಿತ್ತಲ ಬಾವಿಯಲ್ಲಿ ನೀರು ಸೇದುತ್ತಿದ್ದಾಗ ಪಾಚಿಗೆ ಕಾಲು ಜಾರಿತು. ಹಿಡಿ ಸಡಿಲಿ, ಹಗ್ಗ ರಾಟೆಯ ಮೇಲೆ ಸರ್ರನೆ ಓಡಿತು. ತುಂಬಿದ ತಾಮ್ರದ ಬಿಂದಿಗೆ ಬಾವಿಯ ಪಾಲಾದೀತೆಂದು ಅವಳು ಬಲಗೈಯಲ್ಲಿ ಹಗ್ಗವನ್ನು ಬಾಚಿ ಹಿಡಿದಳು. ಬಿಂದಿಗೆಯ ಭಾರ ಕೈಯನ್ನು ರಾಟೆಯವರೆಗೂ ಜಗ್ಗಿಕೊಂಡು ಹೋಯಿತು. ಭುಜದೊಳಗೆ ಹಸಿ ಬಟ್ಟೆ ಹರಿದಂತಾಯಿತು. ಆ ಸದ್ದು ಅವಳೊಬ್ಬಳಿಗೇ ಕೇಳಿಸಿತು.

ಅತ್ತೆ ಲಕ್ಷ್ಮಿದೇವಮ್ಮ ಓಡಿ ಬಂದವಳು ಮೊದಲು ಬಿಂದಿಗೆಯ ತಳ ನೆಗ್ಗಿದೆಯೇನೋ ಎಂದು ತಿರುಗಿಸಿ ನೋಡಿದಳು. "ಪರ್ವಾಗಿಲ್ಲ, ಗಟ್ಟಿಗಿತ್ತಿ ಕಣಮ್ಮಿ ನೀನು" ಅಂದಳು. ಮೂರು ವರ್ಷದ ಬಾಳುವೆಯಲ್ಲಿ ಅತ್ತೆಯ ಬಾಯಿಂದ ಬಂದ ಮೊದಲ ಹೊಗಳಿಕೆ. ಕೊನೆಯದೂ ಅದೇ.

ಮಾರನೆಯ ಬೆಳಿಗ್ಗೆ ತಲೆ ಬಾಚಿಕೊಳ್ಳಲು ಹೋದರೆ ಕೈ ಏಳಲಿಲ್ಲ. ಬೆರಳು ಆಡುತ್ತಿದ್ದವು, ಮೊಣಕೈ ಮಡಿಸುತ್ತಿತ್ತು, ಸೌಟು ಹಿಡಿಯಬಹುದಿತ್ತು. ಭುಜದ ಮಟ್ಟಕ್ಕೆ ಏಳು ಎಂದರೆ ಮಾತ್ರ ಕೈ ಯಾರದೋ ಕೈಯಂತೆ ಸುಮ್ಮನೆ ಬಿದ್ದುಕೊಂಡಿರುತ್ತಿತ್ತು. ಕುಪ್ಪಸದ ತೋಳಿಗೆ ಅದನ್ನು ಎಡಗೈಯಿಂದ ತೂರಿಸಬೇಕು. ಮಲಗಿ ಆ ಮಗ್ಗುಲಿಗೆ ಹೊರಳಿದರೆ ಕಾದ ಕಂಬಿ ಎಳೆದಂತೆ ಉರಿ. ಭುಜ ಮಾಡದ ಕೆಲಸವನ್ನೆಲ್ಲ ಮೊಣಕೈಯಿಂದ ಮಾಡಿಸಹೋಗಿ, ಹತ್ತು ದಿನದಲ್ಲಿ ಮೊಣಕೈಯ ಹೊರಮಗ್ಗುಲೂ ಕೆರಳಿತು. ಚೊಂಬು ಎತ್ತಿದರೆ ಹಲ್ಲು ಕಚ್ಚಬೇಕು, ಬಟ್ಟೆ ಹಿಂಡಿದರೆ ಕಣ್ಣಲ್ಲಿ ನೀರು.

ಹರಳೆಣ್ಣೆ ತಿಕ್ಕಿದ್ದಾಯಿತು. ಎಕ್ಕದ ಎಲೆ ಬಾಡಿಸಿ ಕಟ್ಟಿದ್ದಾಯಿತು. ಉಪ್ಪಿನ ಗಂಟಿನಲ್ಲಿ ಶಾಖ ಕೊಟ್ಟುಕೊಂಡು ಚರ್ಮ ಸುಟ್ಟಿದ್ದೂ ಆಯಿತು. ಇಷ್ಟನ್ನೂ ಅವಳೇ ಮಾಡಿಕೊಂಡಳು, ಎಡಗೈಯಲ್ಲಿ.

ಈ ಜನಕ್ಕೆ ನೋವಿಗೊಂದು ಬಣ್ಣ ಇರಬೇಕು. ರಕ್ತ ಕಂಡರೆ ಅಯ್ಯೋ ಅಂತಾರೆ, ಊತ ಕಂಡರೆ ಲೊಚಗುಟ್ಟುತ್ತಾರೆ. ಒಳಗೆ ಹರಿದದ್ದು ಯಾರಿಗೆ ಕಾಣುತ್ತದೆ?

"ಊತಿಲ್ಲ, ಗಾಯಿಲ್ಲ, ಜ್ವರಿಲ್ಲ" ಎಂದು ಲಕ್ಷ್ಮಿದೇವಮ್ಮ ಪಕ್ಕದ ಮನೆಗೆ ಕೇಳುವಂತೆ ಎಣಿಸುತ್ತಿದ್ದಳು. "ಉಣ್ಣಕ್ಕೆ ಕೂತ್ರೆ ಕೈ ಸಲೀಸಾಗಿ ಬಾಯಿಗೆ ಬತ್ತದೆ. ಬಾವಿ ತಾವ್ಕೆ ಹೋಗು ಅಂದೇಟ್ಗೆ ನೋವು ಬತ್ತದೆ. ಎಲ್ ಕಲ್ತ್ಯಮ್ಮಿ ಈ ಇದ್ಯೆನಾ?"

ಮನೆಯಲ್ಲಿ ಏಳು ಕರೆಯುವ ಹಸುಗಳಿದ್ದವು. ಜಯನಗರದಲ್ಲಿ ಹೊಸ ಹೊಸ ಬ್ಲಾಕುಗಳು ಏಳುತ್ತಿದ್ದ ಕಾಲ. ಗಂಡ ಬೈರಣ್ಣ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಆ ಮನೆಗಳಿಗೆಲ್ಲ ಹಾಲು ಹಾಕುತ್ತಿದ್ದ. ಹಸುವಿಗೆ ನೀರು ಬಾವಿಯಿಂದಲೇ ಬರಬೇಕು, ಬೇಸಿಗೆಯಲ್ಲಿ ಬಾವಿಯ ನೀರು ಅರವತ್ತು ಅಡಿ ಕೆಳಗೆ. ಸೇದುವವಳು ಸೊಸೆ. ಸೊಸೆ ಬಂದಿದ್ದೇ ಅದಕ್ಕೆ.

"ಗೇಯಂಗಿದ್ರೆ ಇರು" ಅಂದಳು ಅತ್ತೆ ಒಂದು ದಿನ, ಮೊಮ್ಮಗನನ್ನು ಸೊಂಟಕ್ಕೇರಿಸಿಕೊಂಡು. "ಆಗಲ್ಲ ಅಂದ್ರೆ ಇಟ್ಟಮಡು ದಾರಿ ಗೊತ್ತಲ್ಲ, ನಿನ್ ತವರಿಗೆ ನಡಿ. ಮಗೀನ ಮಾತ್ರ ಕೇಳ್ಬೇಡ. ಅದು ನಮ್ಮನೆ ಕುಡಿ."

ಅದು ಬರೀ ಬಾಯಿಮಾತಲ್ಲ ಎಂದು ಮಂಗಮ್ಮನಿಗೆ ಗೊತ್ತಿತ್ತು. ಅದೇ ಬೀದಿಯಲ್ಲಿ ಒಬ್ಬಳನ್ನು ಹಾಗೇ ಕಳಿಸಿದ್ದರು. ಅವಳು ನಾಲ್ಕು ವರ್ಷ ಬಿಟ್ಟು ಮಗನನ್ನು ನೋಡಲು ಬಂದಾಗ ಆ ಮಗು, "ಯಾರೋ ಬಂದವ್ರೆ, ಮಜ್ಗೆ ಕೊಡಮ್ಮ" ಎಂದು ಒಳಗೆ ಕೂಗಿ ಹೇಳಿತ್ತು. ಮಂಗಮ್ಮನ ಮಗನಿಗೆ ಒಂದೂವರೆ ವರ್ಷ. ಇನ್ನೂ ಮೊಲೆ ಬಿಟ್ಟಿರಲಿಲ್ಲ. ಕೈ ಹೋದರೆ ಹೋಗಲಿ, ಮಗ ಹೋಗಬಾರದು. ಅದಕ್ಕೆ ಅವಳಿಗೆ ಬೇಕಾಗಿದ್ದದ್ದು ಒಂದೇ: ತಾನು ಸುಳ್ಳು ಹೇಳುತ್ತಿಲ್ಲ ಎಂದು ಯಾರಾದರೊಬ್ಬರು ಹೇಳಬೇಕು. ನಂಬಿದರೆ ನಾಲ್ಕು ದಿನ ಸುಮ್ಮನೆ ಬಿಡುತ್ತಾರೆ, ಬಿಟ್ಟರೆ ವಾಸಿಯಾಗುತ್ತದೆ. ಪಾಪ, ಅವಳ ಲೆಕ್ಕ ಅದು.

ಬೈರಣ್ಣ ಶ್ರೀನಗರದ ಗರಡಿಯ ಹುಡುಗ. ಉಸ್ತಾದ್ ಕರಿಬಸವಯ್ಯ ಎಂದರೆ ಅವನಿಗೆ ದೇವರು. ಕೀಲು ಕೂರಿಸುವುದರಲ್ಲಿ, ಮೂಳೆ ಕಟ್ಟುವುದರಲ್ಲಿ ಉಸ್ತಾದನ ಕೈಗುಣ ಸುತ್ತಲ ಹಳ್ಳಿಗೆಲ್ಲ ಗೊತ್ತು. ಒಂದು ಭಾನುವಾರ ಅವನನ್ನೇ ಮನೆಗೆ ಕರೆತಂದ. ಮಂಗಮ್ಮನ ಜೀವ ಹಗುರಾಯಿತು. ತಿಳಿದವರು ಬಂದರು, ಇನ್ನು ಸತ್ಯ ಹೊರಗೆ ಬರುತ್ತದೆ ಅಂದುಕೊಂಡಳು.

ಆ ಗರಡಿಯಲ್ಲಿ ಒಂದು ಪರೀಕ್ಷೆ ಇತ್ತು. ಕುಸ್ತಿಗೆ ಹೆದರಿ ಭುಜ ನೋವು ಅನ್ನುವ ಹುಡುಗರು ವರ್ಷಕ್ಕೆ ಇಬ್ಬರು ಮೂವರು ಇರುತ್ತಾರೆ. ಉಸ್ತಾದ್ ತಾನೇ ಆ ಕೈ ಹಿಡಿದು ಎತ್ತುತ್ತಾನೆ. ಕೀಲು ತಪ್ಪಿದ್ದರೆ ಯಾರು ಎತ್ತಿದರೂ ಕೈ ಏಳುವುದಿಲ್ಲ, ಅಡ್ಡ ಸಿಕ್ಕಿಕೊಳ್ಳುತ್ತದೆ. ಸಲೀಸಾಗಿ ಎದ್ದರೆ ಕೀಲು ಜಾಗದಲ್ಲಿದೆ, ನೋವು ಸುಳ್ಳು. ಸುಳ್ಳು ನೋವಿಗೆ ಮದ್ದೂ ಇತ್ತು. ಒಳ್ಳೆಯ ಕೈಯನ್ನು ಬೆನ್ನಿಗೆ ಕಟ್ಟಿಹಾಕಿ, ನೋವಿನ ಕೈಯಲ್ಲೇ ಗರಡಿಯ ಕೆಮ್ಮಣ್ಣು ಅಗೆಸುವುದು. ನಲವತ್ತು ವರ್ಷದಲ್ಲಿ ಈ ಪರೀಕ್ಷೆ ಒಮ್ಮೆಯೂ ತಪ್ಪಿರಲಿಲ್ಲ. ತಪ್ಪಿದ್ದರೆ, ಕೈ ಕಳೆದುಕೊಂಡವನು ಮತ್ತೆ ಗರಡಿಗೆ ಬಂದು ಹೇಳಿರಲಿಲ್ಲ.

ಜಗಲಿಯ ಮೇಲೆ ಮಂಗಮ್ಮನನ್ನು ಕೂರಿಸಿದರು. ಅಕ್ಕಪಕ್ಕದ ಹೆಂಗಸರು ಬಾಗಿಲಿಗೆ ಬಂದು ನಿಂತರು. ಮಾವ ಚಿಕ್ಕಬೈರಪ್ಪ ಎಲೆಗೆ ಸುಣ್ಣ ಸವರುತ್ತ ಕುಳಿತಿದ್ದ.

"ನೀನೇ ಎತ್ತಮ್ಮಣ್ಣಿ ಮೊದ್ಲು" ಅಂದ ಕರಿಬಸವಯ್ಯ.

ಮಂಗಮ್ಮ ಎತ್ತಿದಳು. ಭುಜ ಕಿವಿಯ ಕಡೆಗೆ ಮುದುರಿತೇ ಹೊರತು ಕೈ ಒಂದು ಗೇಣಿಗಿಂತ ಮೇಲೆ ಬರಲಿಲ್ಲ.

"ಸರಿ. ಈಗ ನನ್ ಕೈಗೆ ಬಿಡು." ಅವನು ಅವಳ ಮಣಿಕಟ್ಟನ್ನೂ ಮೊಣಕೈಯನ್ನೂ ಹಿಡಿದು ಮೆಲ್ಲಗೆ ಎತ್ತಿದ. ಕೈ ಎದೆಯ ಮಟ್ಟ ದಾಟಿತು, ಭುಜ ದಾಟಿತು, ಕಿವಿಗೆ ತಾಗಿ ನೆಟ್ಟಗೆ ಆಕಾಶ ನೋಡಿತು. ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಂಗಮ್ಮ ತನ್ನ ಕೈಯನ್ನು ತಾನೇ ಬೆರಗಿನಿಂದ ನೋಡಿದಳು. ನೋಯುತ್ತಿತ್ತು, ಆದರೆ ಎದ್ದಿತ್ತು.

ಉಸ್ತಾದ್ ಕೈ ಬಿಟ್ಟ. ಅದು ದೊಪ್ಪನೆ ತೊಡೆಯ ಮೇಲೆ ಬಿತ್ತು. ಅವಳು ನರಳಿದಳು.

"ನೋಡಿದ್ರಾ, ಬೇಕಂತ ಬಿಟ್ಳು" ಅಂದ ಕರಿಬಸವಯ್ಯ. "ಕೀಲು ಕಲ್ಲಂಗೈತೆ ಚಿಕ್ಕಬೈರಪ್ನೋರೆ. ಕೈಯಾಗೇನೂ ಇಲ್ಲ. ಇರೋದೆಲ್ಲ ತಲೆಯಾಗೆ."

"ನಾನು ಯೋಳ್ಲಿಲ್ವಾ" ಅಂದಳು ಲಕ್ಷ್ಮಿದೇವಮ್ಮ.

"ಉಸ್ತಾದ್ರೆ, ನಾನಾಗೇ ಎತ್ತಕ್ಕೆ ಹೋದ್ರೆ ಏಳಲ್ಲ. ದೇವ್ರಾಣೆ" ಅಂದಳು ಮಂಗಮ್ಮ.

"ಗಾಡಿ ಎತ್ತೂ ಹಂಗೇ ಕಣಮ್ಮ. ತಾನಾಗೇ ಏಳಲ್ಲ, ಬಾಲ ತಿರುವಿದ್ರೆ ಏಳ್ತದೆ."

ಎಲ್ಲರೂ ನಕ್ಕರು. ಬೈರಣ್ಣನೂ ನಕ್ಕ. ಗುರು ನಕ್ಕಾಗ ಶಿಷ್ಯ ನಗದಿದ್ದರೆ ಹೇಗೆ?

ಮದ್ದು ಮರುದಿನವೇ ಶುರುವಾಯಿತು. ಹಾಲಿಗೆ ಹೊರಡುವ ಮುಂಚೆ ಬೈರಣ್ಣ ತನ್ನ ಟವೆಲಿನಿಂದ ಹೆಂಡತಿಯ ಎಡಗೈಯನ್ನು ಬೆನ್ನ ಹಿಂದೆ ಕಟ್ಟುತ್ತಿದ್ದ. ಮೊದಲ ದಿನ ಗಂಟನ್ನು ಎರಡು ಸಲ ಬಿಚ್ಚಿ ಕಟ್ಟಿದ. "ಹನ್ನೊಂದು ದಿನ ಅಷ್ಟೇಯ. ಉಸ್ತಾದ್ರು ಯೋಳವ್ರೆ, ಕೇಳು" ಅಂದ. ಮೂರನೆಯ ದಿನಕ್ಕೆ ಸೈಕಲ್ಲಿಗೆ ಕ್ಯಾನು ಕಟ್ಟಿದಷ್ಟೇ ಸಲೀಸಾಗಿ ಗಂಟು ಬಿಗಿಯುತ್ತಿದ್ದ.

ಒಂದೇ ಕೈಯಲ್ಲಿ, ಅದೂ ಏಳದ ಕೈಯಲ್ಲಿ, ಅರವತ್ತು ಅಡಿಯಿಂದ ನೀರು ಸೇದುವುದು ಹೇಗೆಂದು ಯಾವ ಗರಡಿಯಲ್ಲೂ ಹೇಳಿಕೊಡುವುದಿಲ್ಲ. ಮಂಗಮ್ಮ ತಾನೇ ಕಲಿತಳು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಒಂದು ಮೊಳ ಎಳೆಯುವುದು. ಹಗ್ಗವನ್ನು ಕಾಲಡಿ ತುಳಿದು ನಿಲ್ಲುವುದು. ಮತ್ತೆ ಬಗ್ಗಿ ಒಂದು ಮೊಳ. ಕಾಲು ಸೋತಾಗ ಹಗ್ಗವನ್ನು ಹಲ್ಲಲ್ಲಿ ಕಚ್ಚುವುದು. ಐದನೆಯ ದಿನ ತೆಂಗಿನ ನಾರಿಗೆ ತುಟಿಯ ಮೂಲೆ ಸೀಳಿತು. ರಕ್ತ ಕಂಡದ್ದಕ್ಕೆ ನೆರೆಯವಳೊಬ್ಬಳು ಅಯ್ಯೋ ಅಂದು ಅರಿಶಿನ ತಂದುಕೊಟ್ಟಳು, ತುಟಿಗೆ.

ಎಂಟನೆಯ ದಿನ ಭುಜದೊಳಗೆ ಉಳಿದಿದ್ದ ಎಳೆಗಳೂ ಹೋದವು. ಈ ಸಲ ಸದ್ದಾಗಲಿಲ್ಲ. ಅಲ್ಲಿಂದ ಮುಂದೆ ಕೈ ಒಂದು ಗೇಣೂ ಏಳಲಿಲ್ಲ.

ಹತ್ತನೆಯ ದಿನ ಅವಳ ಅಣ್ಣ ತಿರುಮಲೇಶ ಬಂದ. ಇಟ್ಟಮಡುವಿನಲ್ಲಿ ತರಕಾರಿ ಬೆಳೆದು ಜಯನಗರದ ಮನೆಗಳಿಗೆ ಸೈಕಲ್ಲಿನ ಮೇಲೆ ಹಾಕುತ್ತಿದ್ದವನು, ಇಪ್ಪತ್ತೈದರ ಬಿಸಿರಕ್ತ. ಹಿತ್ತಲಿಗೆ ಬಂದು ನೋಡಿದರೆ ತಂಗಿ ಬೆನ್ನಿಗೆ ಕೈ ಕಟ್ಟಿಸಿಕೊಂಡು ಬಾವಿಕಟ್ಟೆಯಲ್ಲಿ ಹಗ್ಗ ಕಚ್ಚಿಕೊಂಡು ನಿಂತಿದ್ದಾಳೆ.

"ಇದೇನೇ ಮಂಗಿ?"

ಬಾಯಲ್ಲಿ ಹಗ್ಗವಿದ್ದುದರಿಂದ ಅವಳು ಉತ್ತರ ಕೊಡಲಿಲ್ಲ. ಬಿಂದಿಗೆ ಮೇಲೆ ಬಂದ ಮೇಲೆ, "ನೀರು ಸೇದ್ತಿದ್ದೆ ಅಣ್ಣಯ್ಯ" ಅಂದಳು.

ಅವನು ಗಂಟು ಬಿಚ್ಚಲಿಲ್ಲ, ಕುಡುಗೋಲು ತಂದು ಟವೆಲನ್ನೇ ಕುಯ್ದ. ಲಕ್ಷ್ಮಿದೇವಮ್ಮ ಬೊಬ್ಬೆ ಹಾಕುತ್ತಿದ್ದಂತೆಯೇ ತಂಗಿಯನ್ನು ಸೈಕಲ್ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಜಯನಗರಕ್ಕೆ ಹೊರಟ.

ಅವನು ಸೊಪ್ಪು ಹಾಕುತ್ತಿದ್ದ ಮನೆಗಳಲ್ಲಿ ಡಾಕ್ಟರ್ ಅಲಮೇಲು ಅವರದೂ ಒಂದು. ಮುಂಬಾಗಿಲ ಕೋಣೆಯಲ್ಲೇ ಅವರು ರೋಗಿಗಳನ್ನು ನೋಡುವ ಶಾಪು. ತಿರುಮಲೇಶ ನಡೆದದ್ದನ್ನು ಹೇಳುವಾಗ ಉಸ್ತಾದನ ಪರೀಕ್ಷೆಯನ್ನೂ ಹೇಳಿದ. ಡಾಕ್ಟರಮ್ಮ ಮಂಗಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿದರು. ಬೆನ್ನ ಹಿಂದೆ ನಿಂತು ಎರಡು ಭುಜವನ್ನೂ ಮುಟ್ಟಿ ನೋಡಿದರು. ಬಲಗಡೆ ಹೆಗಲೆಲುಬಿನ ಮೇಲೆ ಮಾಂಸ ಕರಗಿ ಗುಳಿ ಬಿದ್ದಿತ್ತು. ಆಮೇಲೆ ಉಸ್ತಾದ್ ಮಾಡಿದ್ದನ್ನೇ ಮಾಡಿದರು. ಕೈ ಹಿಡಿದು ಮೇಲಕ್ಕೆತ್ತಿದರು. ಎದ್ದಿತು.

ಮಂಗಮ್ಮ ಕಣ್ಣು ಮುಚ್ಚಿಕೊಂಡಳು. ಇವರೂ ನಗುತ್ತಾರೆ.

"ಈಗ ನಾನು ಬಿಡ್ತೀನಿ. ಹಾಗೇ ನಿಧಾನವಾಗಿ ಇಳಿಸಮ್ಮ."

ಬಿಟ್ಟರು. ಕೈ ತೊಟ್ಟು ಕಳಚಿದ ಕಾಯಿಯಂತೆ ಬಿತ್ತು. ಬೀಳುತ್ತದೆಂದು ಗೊತ್ತಿದ್ದವರಂತೆ ಡಾಕ್ಟರಮ್ಮ ಕೆಳಗೆ ತಮ್ಮ ಅಂಗೈ ಹಿಡಿದಿದ್ದರು.

"ನಾ ಬೇಕಂತ ಬಿಡ್ಲಿಲ್ಲ" ಅಂದಳು ಮಂಗಮ್ಮ.

"ಗೊತ್ತು."

ಆ ಎರಡಕ್ಷರಕ್ಕೆ ಮಂಗಮ್ಮ ಅತ್ತುಬಿಟ್ಟಳು. ಹಗ್ಗ ಕಚ್ಚುವಾಗ ಬಾರದ ಅಳು ಅದು.

"ಬಾವಿ ಸೇದಿದೀಯಲ್ಲ, ಅದರಲ್ಲೇ ಹೇಳ್ತೀನಿ ಕೇಳು" ಅಂದರು ಅಲಮೇಲು. "ನಿನ್ನ ರಾಟೆ ಸರಿಯಾಗಿದೆ, ಅದು ಕೀಲು. ಬಿಂದಿಗೆ ಸರಿಯಾಗಿದೆ, ಅದು ಕೈ. ಮಧ್ಯದ ಹಗ್ಗ ಕಿತ್ತುಹೋಗಿದೆ. ಕೈಯನ್ನ ಎತ್ತೋ ಸ್ನಾಯು ಮೂಳೆಗೆ ಅಂಟಿಕೊಳ್ಳೋ ಜಾಗದಲ್ಲಿ ಹರಿದಿದೆ. ಬೇರೆಯವರು ಬಿಂದಿಗೆ ಹಿಡ್ಕೊಂಡು ಎತ್ತಿದ್ರೆ ಮೇಲೆ ಬರುತ್ತೆ. ನೀನು ಎಷ್ಟು ಎಳೆದ್ರೂ ಬರಲ್ಲ. ಆ ಪೈಲ್ವಾನನಿಗೆ ಕೀಲು ಒಂದೇ ಗೊತ್ತು."

"ಮೊಣಕೈ?" ಕೇಳಿದ ತಿರುಮಲೇಶ.

"ಅದು ದುಡಿದು ಬಾತಿರೋದು. ಹಿಂಡೋದು, ಎತ್ತೋದು ನಿಲ್ಲಿಸಿ ಆರು ವಾರ ಸುಮ್ನೆ ಬಿಟ್ರೆ ಇಳಿಯುತ್ತೆ. ಭುಜ ಹಾಗಲ್ಲ. ಮೊದಲನೇ ವಾರವೇ ಕರ್ಕೊಂಡು ಬಂದಿದ್ರೆ ದೊಡ್ಡಾಸ್ಪತ್ರೆಗೆ ಕಳಿಸಿ ಹೊಲಿಸಬಹುದಿತ್ತು. ಅರ್ಧ ಹರಿದಿದ್ದನ್ನ ಕಟ್ಟಿ ಎಳೆಸಿ ಪೂರ್ತಿ ಹರಿಸಿದಾರೆ. ತುದಿ ಒಳಗೆ ಸೇರ್ಕೊಂಡಿದೆ. ನೋವು ಕಮ್ಮಿಯಾಗೋ ಹಾಗೆ ಮಾಡಬಹುದು. ಕೈ ಮೊದಲಿನ ಹಾಗೆ ಆಗಲ್ಲ. ನೀರು ಸೇದೋದಂತೂ ಇನ್ನಿಲ್ಲ."

ತಿರುಮಲೇಶ ಇದನ್ನೆಲ್ಲ ಚೀಟಿಯಲ್ಲಿ ಕನ್ನಡದಲ್ಲೇ ಬರೆಸಿಕೊಂಡ. ಕೆಳಗೆ ರುಜು ಹಾಕಿಸಿಕೊಂಡ. ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಿದ್ದ. ಹಿಂದೆ ಕುಳಿತ ಮಂಗಮ್ಮ, "ಹರಿದೈತೆ ಅಂತ ಬರ್ದವ್ರಾ ಅಣ್ಣಯ್ಯ?" ಎಂದು ಮೂರು ಸಲ ಕೇಳಿದಳು. ಬರೆದಿದ್ದಾರೆ ಎಂದು ಅವನು ಮೂರು ಸಲವೂ ಹೇಳಿದ. ಕೈ ಹೋಯಿತೆಂಬ ದುಃಖಕ್ಕಿಂತ ತಾನು ಮೈಗಳ್ಳಿಯಲ್ಲ ಎಂಬ ಸಂತೋಷ ಅವಳಿಗೆ ದೊಡ್ಡದಾಗಿತ್ತು. ಇಂಥ ಸಂತೋಷ ಯಾವ ಹೆಣ್ಣಿಗೂ ಬೇಡ.

ಅದೇ ಸಂಜೆ ಚಿಕ್ಕಬೈರಪ್ಪನ ಜಗಲಿಯಲ್ಲಿ ಮಾತು ಕೂಡಿತು. ಊರಿನ ನಾಲ್ಕು ಜನ ಹಿರಿಯರು ಬಂದರು. ಶ್ರೀನಗರದಿಂದ ಕರಿಬಸವಯ್ಯನೂ ಬಂದ. ತಿರುಮಲೇಶ ನಿಂತುಕೊಂಡೇ ಚೀಟಿ ಓದಿದ. ಒಂದೊಂದು ಮಾತನ್ನೂ ಕಲ್ಲು ಬೀಸಿದಂತೆ ಓದಿದ.

ಮೊದಲು ಬಾಯಿ ತೆರೆದವನು ಕರಿಬಸವಯ್ಯ. "ಕೀಲು ಸರಿಯಾಗೈತೆ ಅಂತ ಆವಮ್ಮನೂ ಬರ್ದವ್ಳಲ್ಲಪ್ಪ. ನಾನ್ ಯೋಳಿದ್ದೂ ಅದೇ ತಾನೆ."

"ಹರಿದೈತೆ ಅಂತಾನೂ ಬರ್ದವ್ರೆ."

"ಅದು ನನ್ ಇಲಾಖೆ ಅಲ್ಲ."

ಲಕ್ಷ್ಮಿದೇವಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಸೊಂಟದ ಮೇಲೆ ಮೊಮ್ಮಗ. ಅವಳು ರೇಗುತ್ತಾಳೆ, ಬೈಯುತ್ತಾಳೆ ಎಂದು ತಿರುಮಲೇಶ ಕಾಯುತ್ತಿದ್ದ. ಅವಳು ಮೆಲ್ಲಗೆ ಕೇಳಿದಳು:

"ವಾಸಿ ಆಗಾಕಿಲ್ಲ ಅಂತ ಬರ್ದವ್ಳಾ?"

"ಆಗಾಕಿಲ್ಲ. ನೀವ್ ಮಾಡಿದ್ ಘನಂದಾರಿ ಕೆಲ್ಸುಕ್ಕೆ ಇನ್ನು ಈ ಜನ್ಮದಲ್ಲಿ ಆಗಾಕಿಲ್ಲ."

"ನೀರು ಸೇದಂಗಿಲ್ವಾ?"

"ಇಲ್ಲ."

"ಹಿಟ್ಟು ಬೀಸೋದು, ಸೌದೆ ಹೊರೋದು?"

"ಏನೂ ಇಲ್ಲ. ಓದಿದ್ ಕೇಳಿಸ್ಲಿಲ್ವಾ?"

"ಕೇಳುಸ್ತು ಕಣಪ್ಪ. ಅಂಗಾರೆ ಕರ್ಕೊಂಡೋಗು."

ತಿರುಮಲೇಶನಿಗೆ ತಕ್ಷಣ ತಿಳಿಯಲಿಲ್ಲ. ಮಂಗಮ್ಮನಿಗೆ ತಿಳಿಯಿತು. ಅವಳ ಕಣ್ಣು ನೇರ ಮಗನ ಮೇಲೆ ಹೋಯಿತು.

ಚಿಕ್ಕಬೈರಪ್ಪ ಎಲೆಯಡಿಕೆ ಉಗಿದು ಬಂದು ಕುಳಿತ. "ನೋಡಪ್ಪ ತಿರುಮಲೇಶ, ಇದ್ರಾಗೆ ಕ್ವಾಪ ಮಾಡ್ಕಳೋದೇನಿಲ್ಲ. ಹೆಣ್ಣು ಮೈಗಳ್ಳಿ ಆಗಿದ್ರೆ ನಮ್ಮನೆ ಇಚಾರ, ಬಯ್ದೋ ಬಡ್ದೋ ತಿದ್ಕತಿದ್ವಿ. ಕೈಯೇ ಇಲ್ಲ ಅಂದ್ಮೇಲೆ ತಿದ್ದೋದೇನ? ಏಳು ರಾಸು ಅವೆ. ನಮ್ ಬೈರಂಗೂ ಒಂದು ಸಂಸಾರ ಅಂತ ಬ್ಯಾಡ್ವಾ?"

"ಇನ್ನೊಂದು ಮದ್ವೆ ಮಾಡ್ತೀರಾ? ಕಾನೂನೈತೆ ಈಗ."

"ಕಾನೂನು ಬಂದು ನೀರು ಸೇದ್ತದಾ?" ಅಂದಳು ಲಕ್ಷ್ಮಿದೇವಮ್ಮ.

ಹಿರಿಯರಲ್ಲೊಬ್ಬ ತಲೆದೂಗಿದ. ಇನ್ನೊಬ್ಬ, "ಮಗೂ?" ಎಂದು ಕೇಳಿದ.

"ಅದು ಗಂಡು. ಈ ಮನೇದು" ಅಂದ ಚಿಕ್ಕಬೈರಪ್ಪ. ಕೇಳಿದವನೂ ತಲೆದೂಗಿದ.

ತಿರುಮಲೇಶ ಬೈರಣ್ಣನ ಕಡೆ ತಿರುಗಿದ. "ಭಾವ, ನೀನಾರ ಬಾಯಿ ಬುಡು. ಗಂಟು ಹಾಕಿದ್ದು ನಿನ್ ಕೈ."

ಬೈರಣ್ಣ ಕಾಲಿನ ಹೆಬ್ಬೆರಳಲ್ಲಿ ನೆಲ ಕೆರೆಯುತ್ತಿದ್ದ. "ಹಿರೀಕರು ಯೋಳ್ದಂಗೆ" ಅಂದ. ಹತ್ತು ಜನರನ್ನು ಮಣ್ಣಿಗೆ ಕೆಡವುವ ಜಟ್ಟಿ.

"ನಡಿಯೇ ಮಂಗಿ" ಅಂದ ತಿರುಮಲೇಶ. "ಈ ಮನೇಲಿ ಒಂದ್ ಗಳಿಗೆ ಇರ್ಬೇಡ. ನಾನ್ ಸಾಕ್ತೀನಿ. ಮಗೀನ ಕೋರ್ಟಿಂದ ತತ್ತೀನಿ."

"ತತ್ತಾನಂತೆ" ಅಂದಳು ಲಕ್ಷ್ಮಿದೇವಮ್ಮ. "ಅಷ್ಟೊತ್ಗೆ ಇವ್ನಿಗೆ ಮೀಸೆ ಬಂದಿರ್ತದೆ."

ಮಗು ತಾಯಿಯನ್ನು ಕಂಡು ಎರಡೂ ಕೈ ಚಾಚಿತು. ಅಜ್ಜಿ ಅದನ್ನು ಇನ್ನೊಂದು ಸೊಂಟಕ್ಕೆ ಹೊರಳಿಸಿಕೊಂಡಳು. ಅಣ್ಣ ತನ್ನನ್ನು ಆ ನಿಜದ ಚೀಟಿಯಲ್ಲಿ ಸುತ್ತಿ ಈ ಮನೆಯಿಂದ ಆಚೆ ಇಟ್ಟಿದ್ದಾನೆ ಎಂದು ಮಂಗಮ್ಮನಿಗೆ ಅನ್ನಿಸಿತು. ಅವನ ತಪ್ಪಲ್ಲ. ಅವಳೂ ಅದನ್ನೇ ಬೇಡಿಕೊಂಡಿದ್ದಳು. ನಂಬಲಿ ಎಂದು ಬೇಡಿದ್ದಳು, ನಂಬಿದರು. ಸುಳ್ಳಿಯಾದವಳಿಗೆ ಈ ಮನೆಯಲ್ಲಿ ಏಟಿತ್ತು, ಬೈಗುಳವಿತ್ತು, ಮಗನೂ ಇದ್ದ.

ಅವಳು ಎದ್ದು ಅಂಗಳದ ನಡುವೆ ಬಂದು ನಿಂತಳು.

"ಡಾಕ್ಟ್ರಮ್ಮಂಗೆ ನಾನೇ ಸುಳ್ಳು ಯೋಳ್ದೆ" ಅಂದಳು.

ಚಿಕ್ಕಬೈರಪ್ಪ ತಲೆ ಎತ್ತಿ ನೋಡಿದ.

"ಕೈ ನೆಟ್ಗೈತೆ. ಬಾವಿ ಕೆಲ್ಸ ತಪ್ಪಿಸ್ಕಳಾಕೆ ಆಟ ಕಟ್ಟಿದ್ದು. ಉಸ್ತಾದ್ರು ಯೋಳಿದ್ದೇ ದಿಟ."

"ಮಂಗಿ" ಅಂದ ತಿರುಮಲೇಶ.

"ಸುಮ್ಕಿರು ನೀನು."

ಆ ಊರಿನಲ್ಲಿ ತಪ್ಪೊಪ್ಪಿಕೊಂಡವರು ಹಿರಿಯರ ಮುಂದೆ ಉದ್ದಕ್ಕೆ ಅಡ್ಡಬೀಳಬೇಕು, ಎರಡೂ ಕೈ ತಲೆಯ ಮುಂದಕ್ಕೆ ಚಾಚಿರಬೇಕು. ಮಂಗಮ್ಮ ಮಂಡಿಯೂರಿದಳು. ಬಾಗಿದಳು. ಬಾಗಿದಾಗ ಬಲಗೈ ತನ್ನ ಭಾರಕ್ಕೆ ತಾನೇ ಮುಂದಕ್ಕೆ ಜೋತಿತು. ಬೆರಳು ನೆಲಕ್ಕೆ ತಾಗಿದ ಮೇಲೆ ಅವಳು ಮೈಯನ್ನು ಹಿಂದಕ್ಕೂ ಕೆಳಕ್ಕೂ ಸರಿಸುತ್ತ ಹೋದಳು. ಕೈ ನಿಂತಲ್ಲೇ ನಿಂತಿತು, ಮೈ ಅದರಿಂದ ದೂರವಾಯಿತು. ಭುಜದಲ್ಲಿ ಉರಿ ಎದ್ದು ಹಲ್ಲಿನ ತನಕ ಬಂತು. ಅವಳು ಮಣ್ಣು ಕಚ್ಚಿದಳು. ಎದೆ ನೆಲಕ್ಕೆ ಮುಟ್ಟಿದಾಗ ಎರಡು ಕೈಗಳೂ ಕಿವಿಯ ಪಕ್ಕದಿಂದ ನೇರವಾಗಿ, ಜೊತೆಜೊತೆಯಾಗಿ, ಚಿಕ್ಕಬೈರಪ್ಪನ ಪಾದದವರೆಗೆ ಚಾಚಿಕೊಂಡಿದ್ದವು.

"ತಪ್ಪಾಯ್ತು. ಹೊಟ್ಟೆಗಾಕ್ಕೊಳಿ."

"ನೋಡ್ರಪ್ಪ, ಎದ್ದೈತೆ ಕೈ" ಅಂದ ಕರಿಬಸವಯ್ಯ. "ನಾನ್ ಅವತ್ತೇ ಯೋಳ್ದೆ. ಚೀಟಿ ಬರ್ಸವ್ನೆ ಚೀಟಿ."

ಹಿರಿಯರು ಎದ್ದರು. ಒಬ್ಬ ಪಂಚೆ ಕೊಡವಿದ. ಹೆಣ್ಣು ಒಪ್ಪಿಕೊಂಡ ಮೇಲೆ ಇನ್ನೇನಿದೆ, ಮನೆ ಮಾತು ಮನೆಯಲ್ಲೇ ಮುಗಿಯಿತು. ತಿರುಮಲೇಶ ಇನ್ನೂ ನಿಂತೇ ಇದ್ದ. ಕೈಯಲ್ಲಿ ಚೀಟಿ ಇತ್ತು. ಅವನು ತಂಗಿಯ ತಲೆಯ ಬಳಿ ಕುಕ್ಕುರುಗಾಲಲ್ಲಿ ಕುಳಿತು, "ಏಳು ಮಂಗಿ, ಎತ್ತೀನಿ" ಅಂದ.

"ಮುಟ್ಬೇಡ" ಅಂದಳು ಅವಳು, ಮುಖ ಮೇಲೆತ್ತದೆ. "ನೋಡ್ತಾವ್ರೆ. ಎತ್ತಿದ್ರೆ ಗೊತ್ತಾಯ್ತದೆ. ನೀನು ಹೋಗಣ್ಣಯ್ಯ, ಇನ್ ಬರ್ಬೇಡ."

ಅವನು ಹೋದ. ಹೋಗುವಾಗ ಸೈಕಲ್ಲನ್ನು ಗೋಡೆಗೆ ಒಮ್ಮೆ ಗುದ್ದಿಸಿ ಹೋದ. ಅವನಿಂದ ಆದದ್ದು ಅಷ್ಟೇ.

ಲಕ್ಷ್ಮಿದೇವಮ್ಮ ಮೊಮ್ಮಗನನ್ನು ನೆಲಕ್ಕಿಳಿಸಿದಳು. "ಸಾಕೇಳಮ್ಮಿ. ದನ ಬಾಯಾರ್ಕೊಂಡವೆ" ಎಂದು ಒಳಗೆ ನಡೆದಳು.

ಮಗು ತಪ್ಪು ಹೆಜ್ಜೆ ಹಾಕುತ್ತ ಬಂತು. ಆಟವೆಂದುಕೊಂಡು ತಾಯಿಯ ಬೆನ್ನ ಮೇಲೆ ಹತ್ತಿ ಕುಳಿತು, ಹೈ ಹೈ ಎಂದು ಕುಣಿಯಿತು. ಮಂಗಮ್ಮ ಅದರ ಭಾರವನ್ನು ಹೊತ್ತು ಹಾಗೇ ಬಿದ್ದುಕೊಂಡಿದ್ದಳು. ಎಡಗೈ ಆಗಲೇ ಹಿಂದಕ್ಕೆ ಬಂದಿತ್ತು. ಬಲಗೈಯನ್ನು ಹೇಗೆ ಹಿಂದಕ್ಕೆ ತರುವುದೆಂದು ಅವಳು ಯೋಚಿಸುತ್ತಿದ್ದಳು.